ಹೆದ್ದಾರಿ ಬೇಡ ಅಂದರೆ ಸೈಕಲ್ ಎಲ್ಲಿ ತುಳಿಯಬೇಕು? ಮಲಪ್ರಭೆಯ ಚಕ್ಕಡಿ ದಾರಿಗಳ ಕಡೆ ಒಂದು ನೋಟ

ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆ ಸೈಕಲ್‌ಗೂ ಪ್ರವೇಶ ನಿಂತಿತು. ಮರುವರ್ಷ, 2024ರ ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರವೇ ಫಿಟ್ ಇಂಡಿಯಾ ಹೆಸರಿನಲ್ಲಿ ‘ಎಲ್ಲರೂ ಸೈಕಲ್ ತುಳಿಯಿರಿ’ ಎಂದು ಅಭಿಯಾನ ಶುರು ಮಾಡಿತು. ತುಳಿಯಿರಿ ಅಂತಾರೆ, ದೊಡ್ಡ ರಸ್ತೆಗೆ ಬರಬೇಡಿ ಅಂತಾರೆ. ಹಾಗಾದರೆ ತುಳಿಯುವುದು ಎಲ್ಲಿ?

ಈ ಪ್ರಶ್ನೆ ನಮ್ಮ ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ಜಾಸ್ತಿ ಹತ್ತಿರದ್ದು. ರಾಷ್ಟ್ರ ಮಟ್ಟದ ಸೈಕ್ಲಿಂಗ್ ಪಟುಗಳನ್ನು ಕೊಟ್ಟ ನಾಡು ಇದು. ಬಾದಾಮಿ, ಪಟ್ಟದಕಲ್ಲು, ಐಹೊಳೆಯನ್ನು ನೋಡಲು ಜಗತ್ತೇ ಬರುವ ನಾಡು ಕೂಡ. ಆದರೂ ಒಬ್ಬ ಪ್ರವಾಸಿ ಬ್ಯಾಗ್ ಕಟ್ಟಿಕೊಂಡು ಸೈಕಲ್ ಮೇಲೆ ಊರಿಂದ ಊರಿಗೆ ನಿಶ್ಚಿಂತೆಯಿಂದ ಹೋಗುವಂಥ, ಗುರುತು ಮಾಡಿದ ದಾರಿ ಇಲ್ಲಿ ಒಂದೂ ಇಲ್ಲ.

ನಿಷೇಧದ ಹಿಂದಿನ ಲೆಕ್ಕ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಆ ಆದೇಶ ಬಂದದ್ದು ಬೆಂಗಳೂರು–ಮೈಸೂರು ರಸ್ತೆಗೆ. ಎಲ್ಲ ಹೆದ್ದಾರಿಗಳಿಗೂ ಅಲ್ಲ. ಅಲ್ಲಿಯೂ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಸೈಕಲ್ ಹೋಗಬಹುದು.

ಆದೇಶದ ಹಿಂದಿನ ಕಾರಣ ಮಾತ್ರ ಎಲ್ಲ ಕಡೆಗೂ ಅನ್ವಯಿಸುತ್ತದೆ. ಸೈಕಲ್ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ಹಿಂದಿನಿಂದ ಕಾರು 80ರಲ್ಲಿ ಬರುತ್ತಿದೆ ಎಂದುಕೊಳ್ಳಿ. ವ್ಯತ್ಯಾಸ 65. ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 18 ಮೀಟರ್ ಅಂತರ ಕರಗುತ್ತದೆ. ಚಾಲಕ 100 ಮೀಟರ್ ದೂರದಲ್ಲಿ ಸೈಕಲ್ ಕಂಡರೆ ಅವನ ಕೈಯಲ್ಲಿರುವುದು ಐದೂವರೆ ಸೆಕೆಂಡ್. ಎದುರಿಗೆ ಲಾರಿ ಬಂತು, ಅಥವಾ ಕಣ್ಣು ಒಂದು ಕ್ಷಣ ಮೊಬೈಲ್ ಕಡೆ ಹೋಯಿತು, ಮುಗಿಯಿತು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 61,038 ಸಾವು ರಾಷ್ಟ್ರೀಯ ಹೆದ್ದಾರಿಗಳಲ್ಲೇ ಆದವು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ಹೆದ್ದಾರಿಯ ಪಾಲು ನೂರಕ್ಕೆ ಎರಡರ ಆಸುಪಾಸು ಎಂಬುದನ್ನು ನೆನೆದರೆ ಈ ಸಂಖ್ಯೆಯ ಭಾರ ಗೊತ್ತಾಗುತ್ತದೆ.

ಆದ್ದರಿಂದ ವೇಗದ ರಸ್ತೆಯಿಂದ ಸೈಕಲ್ ಬೇರೆ ಮಾಡುವುದು ಸರಿಯೇ. ತೊಂದರೆ ಎಂದರೆ ಕೆಲಸ ಅರ್ಧಕ್ಕೆ ನಿಲ್ಲುತ್ತಿದೆ. ಬೇಡ ಎಂದು ಹೇಳುವ ಆದೇಶ ಬೇಗ ಬರುತ್ತದೆ. ಇಲ್ಲಿ ಹೋಗಿ ಎಂದು ತೋರಿಸುವ ದಾರಿ ಬರುವುದಿಲ್ಲ.

ಒಂದೇ ಹೆಸರು, ಮೂರು ದಾರಿ

‘ಸೈಕಲ್ ಪಥ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಅರ್ಧ ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ.

ನಗರದ ರಸ್ತೆ ಅಂಚಿನಲ್ಲಿ ಬಣ್ಣ ಬಳಿದು ಮಾಡುವುದು ಒಂದು ಬಗೆ. ಕೆಲಸಕ್ಕೆ, ಶಾಲೆಗೆ ಹೋಗುವವರಿಗೆ ಅದು ಬೇಕು. ವ್ಯಾಯಾಮಕ್ಕಾಗಿ ಕಟ್ಟುವುದು ಇನ್ನೊಂದು. ಹೈದರಾಬಾದಿನ ಹೊರ ವರ್ತುಲ ರಸ್ತೆಯ ಪಕ್ಕ 2023ರಲ್ಲಿ ತೆರೆದ 23 ಕಿಲೋಮೀಟರ್ ಪಥ ಇದಕ್ಕೆ ಉದಾಹರಣೆ. ಮೇಲೆ ಸೋಲಾರ್ ಚಾವಣಿ, ಕೆಳಗೆ ನುಣುಪು ಟ್ರ್ಯಾಕ್. ಮೂರನೆಯದು ಪ್ರವಾಸದ ದಾರಿ. ದಿನಕ್ಕೆ 40–50 ಕಿಲೋಮೀಟರ್, ನಡುವೆ ಊರು, ಊಟ, ನೀರು, ರಾತ್ರಿ ತಂಗಲು ಜಾಗ. ಇಲ್ಲಿ ನುಣುಪಿಗಿಂತ ನೆಮ್ಮದಿ ಮುಖ್ಯ.

ನಮ್ಮ ಸ್ಪರ್ಧಾ ಪಟುಗಳಿಗೆ ಈ ಮೂರನೆಯದರಿಂದ ನೇರ ಉಪಯೋಗ ಇಲ್ಲ ಎಂದು ಹೇಳಿಬಿಡಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಭ್ಯಾಸ ಮಾಡುವವರಿಗೆ ಒಳ್ಳೆಯ ಡಾಂಬರು ಮತ್ತು ವೆಲೋಡ್ರೋಮ್ (ಸೈಕಲ್ ಸ್ಪರ್ಧೆಯ ಟ್ರ್ಯಾಕ್) ಬೇಕು. ಅವರ ಬೇಡಿಕೆ ಬೇರೆ, ಅದು ನ್ಯಾಯವಾದದ್ದೇ. ಎರಡನ್ನೂ ಒಂದೇ ಯೋಜನೆಯಲ್ಲಿ ತುರುಕಿದರೆ ಎರಡೂ ಕೆಡುತ್ತವೆ.

ಗುಡ್ಡದ ನಾಡಿನಲ್ಲಿ ಹೊಳೆಯೇ ಯಾಕೆ?

ಸೈಕಲ್ ಪ್ರವಾಸಿಗೆ ಗುಡ್ಡ ಕಣ್ಣಿಗೆ ಬೇಕು, ಕಾಲಿಗೆ ಬೇಡ. 15–20 ಕಿಲೋ ಸಾಮಾನು ಹೇರಿದ ಸೈಕಲ್ ಸಪಾಟು ನೆಲದಲ್ಲಿ ಸಲೀಸಾಗಿ ಓಡುತ್ತದೆ. ಅದೇ ಸೈಕಲ್ ನೂರು ಮೀಟರಿಗೆ ಐದು ಮೀಟರ್ ಏರುವ ಜಾಗದಲ್ಲಿ ನಡಿಗೆಯ ವೇಗಕ್ಕೆ ಇಳಿಯುತ್ತದೆ. ಎಲ್ಲರೂ ಗಟ್ಟಿಗರಲ್ಲ ಅಲ್ವಾ? ಮಕ್ಕಳು, ಅರವತ್ತು ದಾಟಿದವರು ಬರಬೇಕಾದರೆ ಏರು ಸಣ್ಣದಾಗಿರಬೇಕು.

ಗುಡ್ಡಗಳ ನಡುವೆ ಸಣ್ಣ ಏರಿನ ದಾರಿಯನ್ನು ಸಾವಿರಾರು ವರ್ಷ ಕೂತು ಕೊರೆದಿರುವುದು ಹೊಳೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿಯ ನವಿಲುತೀರ್ಥದಲ್ಲಿ ಗುಡ್ಡ ಸೀಳಿ ಹೊರಡುತ್ತಾಳೆ. ಬಾದಾಮಿ ಸೀಮೆಯ ಕೆಂಪು ಮರಳುಗಲ್ಲಿನ ಸಾಲುಗಳ ನಡುವೆ ಬಳುಕಿ, ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ತಿರುಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ದಂಡೆ ಹಿಡಿದು ಹೋದರೆ ಎರಡೂ ಕಡೆ ಬಂಡೆಗುಡ್ಡ ಕಾಣುತ್ತದೆ, ಕಾಲಿಗೆ ಮಾತ್ರ ಅದರ ಭಾರ ಬೀಳುವುದಿಲ್ಲ.

ಕಾಲುವೆ ಇನ್ನೂ ಸಪಾಟು. ನೀರು ದಂಡೆ ಕೊರೆಯದೆ ನಿಧಾನಕ್ಕೆ ಹರಿಯಬೇಕಾದ್ದರಿಂದ ದೊಡ್ಡ ಕಾಲುವೆಯ ಇಳಿಜಾರು ಕಿಲೋಮೀಟರಿಗೆ ಕೆಲವೇ ಇಂಚು ಇರುತ್ತದೆ. ಅದರ ಪಕ್ಕ ಎಂಜಿನಿಯರ್‌ಗಳು ತಪಾಸಣೆಗೆ ಓಡಾಡುವ ರಸ್ತೆಗೂ ಅಷ್ಟೇ ಇಳಿಜಾರು.

ಬೇರೆ ದೇಶಗಳು ಏನು ಮಾಡಿದವು

ಯುರೋಪಿನ ಹೆಸರುವಾಸಿ ಸೈಕಲ್ ದಾರಿಗಳಲ್ಲಿ ಬಹುಪಾಲು ಹೊಸದಾಗಿ ಕಟ್ಟಿದವಲ್ಲ. ಜರ್ಮನಿಯ ಪಾಸೌದಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ಹೊಳೆಯ ಗುಂಟ ಸುಮಾರು 320 ಕಿಲೋಮೀಟರ್ ದಾರಿ ಇದೆ. ಹಿಂದೆ ಕುದುರೆಗಳು ದಂಡೆಯ ಮೇಲೆ ನಡೆದು ದೋಣಿ ಎಳೆಯುತ್ತಿದ್ದ ದಾರಿಗಳೇ ಅದರ ಬೆನ್ನೆಲುಬು. ಬ್ರಿಟನ್ನಿನಲ್ಲಿ 1963ರ ವರದಿಯೊಂದರ ನಂತರ ಸಾವಿರಾರು ಮೈಲಿ ರೈಲು ಮಾರ್ಗ ಮುಚ್ಚಿದವು. ಬ್ರಿಸ್ಟಲ್–ಬಾತ್ ನಡುವಿನ ಅಂಥ ಒಂದು ಮಾರ್ಗವನ್ನು 1979ರಿಂದ 1986ರವರೆಗೆ ಸ್ವಯಂಸೇವಕರು ಸಪಾಟು ಮಾಡಿ ಸೈಕಲ್‌ಗೆ ಬಿಟ್ಟರು. ಸ್ಪೇನ್ 1993ರಲ್ಲಿ ಇದನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ಈಗ ಅಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಹಳೆಯ ರೈಲು ದಾರಿ ಸೈಕಲ್ ದಾರಿಯಾಗಿದೆ. ನ್ಯೂಜಿಲೆಂಡಿನ ಒಟಾಗೋದಲ್ಲಿ 1990ರಲ್ಲಿ ನಿಂತ ರೈಲು ಮಾರ್ಗ 2000ದಲ್ಲಿ 152 ಕಿಲೋಮೀಟರಿನ ದಾರಿಯಾಗಿ ತೆರೆಯಿತು. ರೈಲು ನಿಂತ ಮೇಲೆ ಸೊರಗಿದ್ದ ಊರುಗಳಲ್ಲಿ ವಸತಿ, ಊಟದ ವ್ಯಾಪಾರ ಮತ್ತೆ ಹುಟ್ಟಿತು.

ನಮಗೆ ತುಂಬ ಹತ್ತಿರದ ಉದಾಹರಣೆ ಅಂದರೆ ಇಂಗ್ಲೆಂಡ್–ವೇಲ್ಸ್ ಗಡಿಯ ವೈ ಹೊಳೆಯ ಕಣಿವೆ. ಕಾಡುಗುಡ್ಡ, ಬಳುಕುವ ಹೊಳೆ, ದಂಡೆಯ ಮೇಲೆ ಪಾಳುಬಿದ್ದ ಹಳೆಯ ಮಠ. ಅಲ್ಲಿ 2021ರಲ್ಲಿ ಒಂದು ಕಿಲೋಮೀಟರಿಗೂ ಉದ್ದದ ಹಳೆಯ ರೈಲು ಸುರಂಗವನ್ನು ಸೈಕಲ್‌ಗೆ ತೆರೆದರು. ಆದರೆ ಚಳಿಗಾಲದಲ್ಲಿ ಸುರಂಗ ಮುಚ್ಚುತ್ತದೆ. ಕಾರಣ, ಆಗ ಬಾವಲಿಗಳು ಅಲ್ಲಿ ನಿದ್ದೆಗೆ ಇಳಿಯುತ್ತವೆ. ಈ ಸಣ್ಣ ನಿಯಮದಲ್ಲಿ ದೊಡ್ಡ ಪಾಠ ಇದೆ. ದಾರಿ ವರ್ಷವಿಡೀ ಎಲ್ಲರದ್ದೂ ಆಗಿರಬೇಕಿಲ್ಲ. ಮೊದಲಿನಿಂದ ಇರುವವರ ಬದುಕಿಗೆ ಜಾಗ ಬಿಟ್ಟು, ಉಳಿದ ಸಮಯ ಹಂಚಿಕೊಳ್ಳಬಹುದು.

ನಮ್ಮಲ್ಲಿರುವುದು ಚಕ್ಕಡಿ ದಾರಿ

ಇಲ್ಲಿ ಬಿಟ್ಟುಹೋದ ರೈಲು ಮಾರ್ಗ ಹುಡುಕಿದರೆ ಸಿಗುವುದು ಕಷ್ಟ. ಗದಗ–ಬಾಗಲಕೋಟೆ–ವಿಜಯಪುರದ ಮೀಟರ್ ಗೇಜ್ ಬ್ರಾಡ್ ಗೇಜ್ ಆಯಿತು, ಜನ ಅದರಲ್ಲಿ ಓಡಾಡುತ್ತಿದ್ದಾರೆ. ಅದು ಒಳ್ಳೆಯದೇ. ನಮ್ಮ ಆಸ್ತಿ ಬೇರೆ ಮೂರು ಇವೆ.

ಒಂದು, ಕಾಲುವೆ ರಸ್ತೆ. ಘಟಪ್ರಭಾ ಯೋಜನೆಯ ಎಡದಂಡೆ, ಬಲದಂಡೆ ಎರಡೂ ಕಾಲುವೆಗಳು ನೂರು ಕಿಲೋಮೀಟರ್ ದಾಟಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಚಾಚಿವೆ. ಗೋಕಾಕ ಜಲಪಾತ, ಧೂಪದಾಳದ ಬ್ರಿಟಿಷ್ ಕಾಲದ ಒಡ್ಡು, ಅದರ ಹಿನ್ನೀರಿನ ಪಕ್ಷಿಧಾಮ ಎಲ್ಲವೂ ಈ ಸೀಮೆಯಲ್ಲೇ ಇವೆ.

ಎರಡು, ಚಕ್ಕಡಿ ದಾರಿ, ಅಂದರೆ ಎತ್ತಿನ ಗಾಡಿ ಓಡಾಡುವ ದಾರಿ. ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ಹೋಗುವ ಈ ದಾರಿಗಳು ಗ್ರಾಮ ನಕಾಶೆಯಲ್ಲಿ ಗೆರೆಯಾಗಿ ಇವೆ. ಡಾಂಬರು ರಸ್ತೆ ಬಂದ ಮೇಲೆ ಕೆಲವು ಜಾಲಿ ಬೆಳೆದು ಮುಚ್ಚಿವೆ, ಕೆಲವನ್ನು ಪಕ್ಕದ ಹೊಲದವರು ಒತ್ತಿದ್ದಾರೆ. ನಕಾಶೆಯಲ್ಲಿ ಇರುವವರೆಗೂ ಅವು ಸಾರ್ವಜನಿಕರದ್ದೇ.

ಮೂರು, ಪಾದಯಾತ್ರೆಯ ಪದ್ಧತಿ. ಇದನ್ನು ನಾವು ಆಸ್ತಿ ಎಂದು ಎಣಿಸುವುದೇ ಇಲ್ಲ. ಯುಗಾದಿಗೆ ಮುಂಚೆ ನಮ್ಮ ಜಿಲ್ಲೆಗಳಿಂದ ಜನ ಶ್ರೀಶೈಲಕ್ಕೆ ನಡೆದುಕೊಂಡು ಹೋಗುತ್ತಾರೆ. ಬನದ ಹುಣ್ಣಿಮೆಗೆ ಬನಶಂಕರಿಗೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ನಡೆದು, ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ದಾರಿಯ ಊರುಗಳು ನೀರು ಇಡುತ್ತವೆ, ರೊಟ್ಟಿ ಬಡಿಯುತ್ತವೆ, ಮಲಗಲು ಗುಡಿಯ ಪೌಳಿ ಬಿಡುತ್ತವೆ. ದಿನದ ನಡಿಗೆ ಎಷ್ಟು, ಮುಂದಿನ ನೀರು ಎಲ್ಲಿ ಎಂಬ ಲೆಕ್ಕ ಹಿರಿಯರಿಗೆ ಬಾಯಿಪಾಠ. ಸೈಕಲ್ ಪ್ರವಾಸಕ್ಕೆ ಬೇಕಾದದ್ದೂ ಇದೇ ಲೆಕ್ಕ. ಪರದೇಶದಿಂದ ಸಲಹೆಗಾರರನ್ನು ಕರೆಸುವ ಮೊದಲು ಹತ್ತು ಸಲ ಶ್ರೀಶೈಲಕ್ಕೆ ನಡೆದ ಒಬ್ಬ ಅಜ್ಜನನ್ನು ಕೇಳಬೇಕು.

ರೈತರ ಅಂಜಿಕೆ ಸುಮ್ನೆ ಅಲ್ಲ

ವಿರೋಧ ಎಲ್ಲಿಂದ ಬರುತ್ತದೆ? ಮೊದಲು ಹೊಲದಿಂದ. ಅದನ್ನು ಹಟ ಎಂದು ತಳ್ಳಿಹಾಕುವುದು ಅನ್ಯಾಯ.

ಕಾಲುವೆ ರಸ್ತೆ ಕಾಗದದಲ್ಲಿ ನೀರಾವರಿ ನಿಗಮದ್ದು, ಬಳಕೆಯಲ್ಲಿ ರೈತರದ್ದು. ಗೊಬ್ಬರ ಹೋಗುವುದು, ಕಬ್ಬು ಬರುವುದು ಅದರ ಮೇಲೆಯೇ. ‘ವಾಹನ ಇಲ್ಲದ ದಾರಿ’ ಎಂಬ ಮಾತು ಕೇಳಿದ ಕೂಡಲೇ ರೈತನಿಗೆ ಅನ್ನಿಸುವುದು ಒಂದೇ: ‘ಹಾಗಾದರೆ ನನ್ನ ಟ್ರ್ಯಾಕ್ಟರ್?’ ಇದರ ಹಿಂದೆ ಹಳೆಯ ನೆನಪುಗಳೂ ಇವೆ. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಒಂದು ಭಾಗವೂ ದಂಡೆಯ ಊರುಗಳೂ ಹೋದವು. ಅಣೆಕಟ್ಟೆಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ತೂಗಾಡುತ್ತಿದೆ. ಮಲಪ್ರಭೆಯ ಕಾಲುವೆ ನೀರಿನ ಕರದ ವಿರುದ್ಧ ಎದ್ದ ಹೋರಾಟದಲ್ಲಿ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರಕ್ತ ಹರಿಯಿತು. ಹೊಳೆ ದಂಡೆಗೆ ಸರ್ಕಾರಿ ಜೀಪು ಬಂದರೆ ಇಲ್ಲಿನವರು ಮೊದಲು ಪಹಣಿ ಕಡೆ ನೋಡುವುದು ಸಹಜ.

ಅದರ ಜೊತೆಗೆ ಕಬ್ಬಿನ ಹಂಗಾಮು. ಇದು ಯೋಜನೆಗಳ ಕಾಗದದಲ್ಲಿ ಕಾಣದೆ ಹೋಗುವ ಮಾತು. ಸೈಕಲ್ ಪ್ರವಾಸಕ್ಕೆ ಹವೆ ಹದವಾಗಿರುವುದು ಅಕ್ಟೋಬರಿನಿಂದ ಫೆಬ್ರುವರಿವರೆಗೆ. ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಮುಧೋಳ, ಜಮಖಂಡಿ, ಗೋಕಾಕದ ರಸ್ತೆಗಳಲ್ಲಿ ಆಗ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಟ್ರೇಲರ್ ಅಗಲ ಮೀರಿ ಕಬ್ಬು ಚಾಚಿರುತ್ತದೆ. ಹಿಂದೆ ದೀಪ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಂಥ ದಾರಿಗೆ ಸೈಕಲ್ ಬೋರ್ಡ್ ಹಾಕಿ ಪ್ರವಾಸಿಗರನ್ನು ಕಳಿಸುವುದು ತಪ್ಪು. ವರ್ಷದ ಗಳಿಕೆ ಹೊತ್ತ ಟ್ರ್ಯಾಕ್ಟರನ್ನು ಪ್ರವಾಸಿಗಾಗಿ ತಡೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಗೂಟ ನೆಟ್ಟರೆ ಸಾಲದು

ಕಾರು ತಡೆಯಲು ಎಲ್ಲ ಕಡೆ ಮಾಡುವುದು ಒಂದೇ: ದಾರಿಯ ಬಾಯಿಗೆ ಕಲ್ಲಿನ ಗೂಟ. ಆದರೆ ಕಾರು ನುಸುಳದ ಸಂದಿಯಲ್ಲಿ ಚಕ್ಕಡಿಯೂ ನುಸುಳುವುದಿಲ್ಲ, ಟ್ರ್ಯಾಕ್ಟರೂ ನುಸುಳುವುದಿಲ್ಲ. ಒಂದೇ ರಾತ್ರಿಯಲ್ಲಿ ಗೂಟ ಮಾಯವಾಗುತ್ತದೆ. ಆಗ ಜನರಿಗೆ ಶಿಸ್ತಿಲ್ಲ ಎಂದು ದೂರುವುದಲ್ಲ, ಗೂಟದ ಜಾಗ ತಪ್ಪಿತ್ತು ಎಂದು ಒಪ್ಪಬೇಕು.

ಸರಿಯಾದ ಜಾಗ ದಾರಿಯ ಬಾಯಲ್ಲ, ನಡು. ಎರಡು ಊರುಗಳ ಹೊಲಗಳು ಕೂಡುವ ಗಡಿಯಲ್ಲಿ ಸಾಮಾನ್ಯವಾಗಿ ಒಂದು ಹಳ್ಳ ಇರುತ್ತದೆ. ಈ ಊರಿನವರು ತಮ್ಮ ಕಡೆಯಿಂದ ಬಂದು ಹೊಲ ಮುಟ್ಟುತ್ತಾರೆ, ಆ ಊರಿನವರು ಆ ಕಡೆಯಿಂದ. ಹಳ್ಳ ದಾಟುವ ಅಗತ್ಯ ಟ್ರ್ಯಾಕ್ಟರಿಗೆ ಕಡಿಮೆ. ಅಲ್ಲಿ ಒಂದೂವರೆ ಮೀಟರ್ ಅಗಲದ ಕಿರುಸೇತುವೆ ಹಾಕಿದರೆ ನಡೆಯುವವರು, ಸೈಕಲ್ ದಾಟುತ್ತಾರೆ. ಕಾರು, ಲಾರಿ ದಾಟಲಾರವು. ದಾರಿ ಆಚೆ ತೂರಿ ಹೋಗುವುದಿಲ್ಲ ಎಂದು ಗೊತ್ತಾದರೆ ಹೊರಗಿನ ವಾಹನ ಆ ಕಡೆ ತಿರುಗುವುದೇ ಇಲ್ಲ. ಉಳಿಯುವುದು ಆ ಊರಿನ ಹೊಲದ ವಾಹನ ಮಾತ್ರ, ಗಂಟೆಗೆ ಒಂದೋ ಎರಡೋ. ಬೈಕ್ ಕೂಡ ದಾಟುತ್ತದೆ ನಿಜ. ಹೊಲಕ್ಕೆ ಬುತ್ತಿ ಒಯ್ಯುವ ಬೈಕನ್ನು ತಡೆಯಲು ಹೋಗಬಾರದು.

ನೀರಾವರಿ ನಿಗಮದ ಹಿಂಜರಿಕೆಯೂ ಅರ್ಥವಾಗುವಂಥದ್ದು. ಕಾಲುವೆ ದಂಡೆ ಮಣ್ಣಿನದು. ಓಡಾಟ ಜಾಸ್ತಿಯಾದರೆ ಸವೆಯುತ್ತದೆ, ಸವೆದಲ್ಲಿ ಒಡೆಯುತ್ತದೆ. ತುಂಬಿ ಹರಿಯುವ ಕಾಲುವೆಗೆ ಯಾರಾದರೂ ಬಿದ್ದರೆ ಎಂಜಿನಿಯರ್ ಉತ್ತರ ಕೊಡಬೇಕು. ಹೊಣೆ ಯಾರದು ಎಂದು ಬರೆದುಕೊಡದೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ.

ಶುರು ಮಾಡುವುದಾದರೆ ಬಾದಾಮಿಯಿಂದ

ಈ ಎಲ್ಲ ಕಾರಣಗಳನ್ನು ಕೂಡಿಸಿದರೆ, ಎಷ್ಟೇ ಸಪಾಟಾಗಿದ್ದರೂ, ಮೊದಲ ದಾರಿಗೆ ಘಟಪ್ರಭೆಯ ಕಾಲುವೆ ಸರಿ ಅಲ್ಲ. ಅಲ್ಲಿ ಕಬ್ಬು ಜಾಸ್ತಿ. ಬಾದಾಮಿ ಕಡೆಯ ಹೊಲಗಳಲ್ಲಿ ಜೋಳ, ಸೂರ್ಯಕಾಂತಿ, ಮೆಕ್ಕೆಜೋಳ ಹೆಚ್ಚು. ಕಬ್ಬಿನ ಟ್ರೇಲರ್‌ಗಳ ಒತ್ತಡ ಅಷ್ಟಿಲ್ಲ. ಊರುಗಳ ಅಂತರವೂ ಸೈಕಲ್‌ಗೆ ಅಳತೆ ಹಾಕಿ ಇಟ್ಟಂತಿದೆ. ಬನಶಂಕರಿ, ಹೊಳೆ ದಂಡೆಯ ಶಿವಯೋಗಮಂದಿರ, ಮಹಾಕೂಟ, ಪಟ್ಟದಕಲ್ಲು ಒಂದು ದಿನ. ರಸ್ತೆಯಲ್ಲಿ ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್. ಒಳದಾರಿಯಲ್ಲಿ ಸುತ್ತಿ ಹೋದರೂ ಸಂಜೆಯೊಳಗೆ ಮುಟ್ಟಬಹುದು. ಮರುದಿನ ಐಹೊಳೆ. ಮೂರನೆಯ ದಿನ ಕೂಡಲಸಂಗಮ. ಬಾದಾಮಿಗೆ ರೈಲಿದೆ. ಬಂಡೆ ಹತ್ತುವ ತರುಣರು ಚಳಿಗಾಲದಲ್ಲಿ ಈಗಾಗಲೇ ಬಂದು ದಿನಗಟ್ಟಲೆ ಉಳಿಯುತ್ತಾರೆ. ಬರುವವರು ಯಾರು ಎಂದು ಹುಡುಕಬೇಕಾಗಿಲ್ಲ.

ನೆಲದ ಗುಣ ನೋಡಿ ದಾರಿ ಆರಿಸಬೇಕು. ಕೆಂಪು ಮಸಾರಿ ನೆಲ ಮಳೆ ನಿಂತ ಮರುದಿನವೇ ಗಟ್ಟಿಯಾಗುತ್ತದೆ. ಕಪ್ಪು ಎರಿ ಮಣ್ಣು ಹಾಗಲ್ಲ. ನಾಲ್ಕು ಹನಿ ಬಿದ್ದರೆ ಚಕ್ರಕ್ಕೆ ಅಂಟಿ ಸೈಕಲನ್ನೇ ನಿಲ್ಲಿಸುತ್ತದೆ. ಎರಿ ಇರುವಲ್ಲಿ ಗರಸು (ಗಟ್ಟಿ ಕಲ್ಲುಮಣ್ಣು) ಹಾಕಿ ರೋಲರ್ ಹೊಡೆಯಬೇಕು. ಇನ್ನು ನೆಗ್ಗಿಲ ಮುಳ್ಳು ಮತ್ತು ಜಾಲಿ ಮುಳ್ಳು. ದಂಡೆಯ ಜಾಲಿ ಕಡಿದು ಅಲ್ಲೇ ಬಿಟ್ಟರೆ ದಾರಿ ತುಂಬ ಪಂಕ್ಚರ್. ವರ್ಷಕ್ಕೆ ಎರಡು ಸಲ ಗುಡಿಸುವ ಕೂಲಿ ಯೋಜನೆಯಲ್ಲೇ ಇರಬೇಕು.

ಮಳೆಗಾಲದಲ್ಲಿ ದಾರಿ ಮುಚ್ಚಲೇಬೇಕು. ಇದಕ್ಕೆ ಕಾರಣ ಬಾದಾಮಿಯ ಮಳೆಯಲ್ಲ, ಖಾನಾಪುರದ ಮಳೆ. ಘಟ್ಟದಲ್ಲಿ ಸುರಿದದ್ದು ನವಿಲುತೀರ್ಥದ ಅಣೆಕಟ್ಟೆ ತುಂಬಿ ಕೆಳಗೆ ಬಿಟ್ಟಾಗ, ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2009ರಲ್ಲೂ 2019ರಲ್ಲೂ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿತ್ತು. ಆದ್ದರಿಂದ ಹೊಳೆಗೆ ತೀರ ಅಂಟಿಕೊಂಡು ದಾರಿ ಮಾಡಬಾರದು. ಬಾಂದಾರಗಳ (ಹೊಳೆಗೆ ಅಡ್ಡ ಕಟ್ಟಿದ ಒಡ್ಡುಗಳ) ಮೇಲೆ ದಾಟುವಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೇಟು ಹಾಕಬೇಕು.

ದುಡ್ಡು ಮತ್ತು ಸಿಮೆಂಟು

ಈ ಭಾಗಕ್ಕೆ ಪ್ರವಾಸೋದ್ಯಮದ ದುಡ್ಡು ಬರುತ್ತಿಲ್ಲ ಎಂದಲ್ಲ. 2015ರಲ್ಲಿ ಪಾರಂಪರಿಕ ನಗರಗಳಿಗಾಗಿ ಕೇಂದ್ರ ತಂದ ಹೃದಯ್ ಯೋಜನೆಗೆ ಆಯ್ದ 12 ಊರುಗಳಲ್ಲಿ ಬಾದಾಮಿ ಒಂದು. 2024ರ ನವೆಂಬರಿನಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ 100 ಕೋಟಿ ರೂಪಾಯಿ ಮಂಜೂರಾಯಿತು. ದುಡ್ಡು ಬಂದರೆ ಕಾಣುವಂಥದ್ದು ಕಟ್ಟಬೇಕು ಎಂಬ ಒತ್ತಡವೂ ಬರುತ್ತದೆ. ಕಮಾನು, ಟೈಲ್ಸ್, ದೀಪದ ಕಂಬ. ಚಕ್ಕಡಿ ದಾರಿಗೆ ಇವು ಯಾವುವೂ ಬೇಡ. ಕಾಂಕ್ರೀಟ್ ಹಾಕಿದ ಮರುದಿನ ಅದು ಕಾರುಗಳ ಅಡ್ಡದಾರಿಯಾಗುತ್ತದೆ.

ಕಾನೂನೂ ಇದಕ್ಕೆ ಬಿಡುವುದಿಲ್ಲ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಇರುವ ಮಣ್ಣಿನ ದಾರಿಯನ್ನು ಮಣ್ಣಿನ ದಾರಿಯಾಗಿಯೇ ಉಳಿಸಿಕೊಳ್ಳುವುದು ಇಲ್ಲಿ ಸುಲಭದ ದಾರಿಯೂ ಹೌದು. ನರೇಗಾದ ಅಡಿ ಹೊಲದ ದಾರಿ ಮಾಡಿದ ಅನುಭವ ಗ್ರಾಮ ಪಂಚಾಯಿತಿಗಳಿಗೆ ಈಗಾಗಲೇ ಇದೆ. ರೈತನ ದಾರಿ ಸರಿಯಾದರೆ ಸೈಕಲ್ ದಾರಿ ತಾನಾಗಿ ಸರಿಯಾಗುತ್ತದೆ. ಈ ಕ್ರಮ ತಿರುವುಮುರುವಾದರೆ ಊರು ಜೊತೆಗೆ ನಿಲ್ಲುವುದಿಲ್ಲ.

ದಾರಿ ಆದರೆ ಏನಾಗಬಹುದು

ದೊಡ್ಡ ಆಸೆ ತೋರಿಸುವುದು ಬೇಡ. ಸೈಕಲ್ ಪ್ರವಾಸಿಗರು ಬಸ್ಸುಗಟ್ಟಲೆ ಬರುವುದಿಲ್ಲ. ಆದರೆ ಬಂದವರು ನಿಧಾನಕ್ಕೆ ಹೋಗುತ್ತಾರೆ. ಕಾರಿನಲ್ಲಿ ಬರುವವರು ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಐಹೊಳೆ ನೋಡಿ ರಾತ್ರಿ ಹುಬ್ಬಳ್ಳಿಗೆ ಹೋಗಿ ಮಲಗುತ್ತಾರೆ. ನಡುವಿನ ಊರಿಗೆ ಉಳಿಯುವುದು ಧೂಳು. ಸೈಕಲ್ಲಿನವರಿಗೆ ಹತ್ತು ಕಿಲೋಮೀಟರಿಗೊಮ್ಮೆ ನೀರು, ಚಹಾ, ಇಪ್ಪತ್ತಕ್ಕೊಮ್ಮೆ ಊಟ, ನಲವತ್ತಕ್ಕೆ ಹಾಸಿಗೆ ಬೇಕು. ಆ ದುಡ್ಡು ಬೀಳುವುದು ಖಾನಾವಳಿ ನಡೆಸುವ ಅಕ್ಕನ ಕೈಗೆ, ಮನೆಯ ಒಂದು ಕೋಣೆ ಬಿಡುವವರ ಕೈಗೆ, ಪಂಕ್ಚರ್ ಅಂಗಡಿಯ ಹುಡುಗನ ಕೈಗೆ.

ಇನ್ನೊಂದು ಪರಿಣಾಮವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ವರ್ಷಗಳಲ್ಲಿ ನಮ್ಮ ಊರುಗಳ ಹುಡುಗಿಯರು ಪಕ್ಕದೂರಿನ ಹೈಸ್ಕೂಲಿಗೆ ತಾವೇ ಹೋಗಿ ಬಂದರು. ಅವರು ತುಳಿದದ್ದು ಲಾರಿಗಳ ಪಕ್ಕದಲ್ಲಿ. ಪಟ್ಟದಕಲ್ಲಿಗೆ ಹೋಗುವ ಪ್ರವಾಸಿಗೆ ಎಂದು ಬಿಡಿಸಿದ ಒಳದಾರಿಯಲ್ಲಿ ವರ್ಷದ ಹೆಚ್ಚು ದಿನ ಓಡಾಡುವವರು ಇಂಥ ಮಕ್ಕಳೇ ಆಗಿರುತ್ತಾರೆ.

ಸದ್ಯಕ್ಕೆ ಆಗಬೇಕಾದ ಕೆಲಸ ಚಿಕ್ಕದು. ಬಾದಾಮಿಯಿಂದ ಐಹೊಳೆವರೆಗಿನ ಪಂಚಾಯಿತಿಗಳು ತಮ್ಮ ಗ್ರಾಮ ನಕಾಶೆಗಳನ್ನು ಒಂದೇ ಮೇಜಿನ ಮೇಲೆ ಹಾಸಿ, ಯಾವ ಚಕ್ಕಡಿ ದಾರಿ ಎಲ್ಲಿ ಕೂಡುತ್ತದೆ, ಎಲ್ಲಿ ಜಾಲಿ ಮುಚ್ಚಿದೆ, ಯಾವ ಹಳ್ಳಕ್ಕೆ ಕಿರುಸೇತುವೆ ಬೇಕು ಎಂದು ಗುರುತು ಹಾಕಬೇಕು. ಒಂದು ಗುಂಟೆ ಜಮೀನನ್ನೂ ಯಾರಿಂದಲೂ ಕೇಳದೆ ಇಷ್ಟನ್ನು ಮಾಡಬಹುದು.